ಸೂರು ಮುಟ್ಟದ ಗೋಡೆ

ಗಾರ್ಮೆಂಟ್ಸಿನಲ್ಲಿ ಊಟಕ್ಕೆ ಕೂತಾಗ ನಮ್ಮ ಮಾತೆಲ್ಲ ಬಾಡಿಗೆ ಮನೆಗಳ ಸುತ್ತಲೇ ತಿರುಗುತ್ತದೆ. ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, "ಹಳೇ ಹೆಂಚಿನ ಮನೆ ತಂಪು ಕಣಕ್ಕಾ, ಸಿಕ್ಕಿದ್ರೆ ಅಂಥದ್ದೇ ಹಿಡೀತೀನಿ" ಎಂದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ಒಂದು ಮಳಿಗಾಲ ಅದರಾಗ ಇದ್ದು ನೋಡವ್ವ, ಆಮ್ಯಾಲ ತಂಪಿನ ಮಾತು ಆಡು" ಎಂದುಬಿಟ್ಟೆ. ಹಾಗೆ ಅಂದವಳಿಗೆ ಮಧ್ಯಾಹ್ನವೆಲ್ಲ ಮಷಿನ್ನಿನ ಮುಂದೆ ಮನಸ್ಸೇ ನಿಲ್ಲಲಿಲ್ಲ. ಚಿಕ್ಕಬಾಣಾವರದ ಆ ಹೆಂಚಿನ ಮನೆಯೇ ಕಣ್ಣ ಮುಂದೆ ಬಂದು ಕೂತಿತ್ತು.

ಮದುವೆಯಾಗಿ ವಿಜಯಪುರದ ಕಡೆಯಿಂದ ಬಂದಾಗ ನಮ್ಮವರು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಲೇತ್ ಮಷಿನ್ ನಡೆಸುತ್ತಿದ್ದರು. ಅವರು ಹಿಡಿದಿದ್ದ ಮನೆ ಹಿಂದೆ ದನದ ಕೊಟ್ಟಿಗೆಯಾಗಿತ್ತಂತೆ. ಹೊಲ ಸೈಟುಗಳಾಗಿ ದನಗಳೆಲ್ಲ ಮಾರಿಹೋದ ಮೇಲೆ ಓನರು ಅದಕ್ಕೆ ಸುಣ್ಣ ಬಳಿಸಿ ಬಾಡಿಗೆಗೆ ಬಿಟ್ಟಿದ್ದರು. ಮಳೆ ಬಂದರೆ ಪಾತ್ರೆಗಳೆಲ್ಲ ನೆಲಕ್ಕಿಳಿಯಬೇಕು. ಬಚ್ಚಲು ಅಂಗಳದ ಆ ತುದಿಗೆ. ಹಾಸಿಗೆ ಕೊಡವಿದರೆ ಒಂದಲ್ಲ ಒಂದು ಜರಿಹುಳು ಬೀಳುತ್ತಿತ್ತು. ಇದನ್ನು ಯಾರಾದರೂ ಚೆಂದ ಎಂದರೆ ನನಗೆ ಮೈ ಉರಿಯುತ್ತದೆ.

ಆದರೆ ಆ ಮನೆಗೂ ಓನರ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಸೂರು ಮುಟ್ಟಿರಲಿಲ್ಲ. ಮೇಲೆ ಒಂದು ಮೊಳ ಬಯಲು. ಅವರ ಸಾರಿನ ಒಗ್ಗರಣೆಗೆ ನಾನು ಸೀನುತ್ತಿದ್ದೆ, ನಮ್ಮ ಜಗಳಕ್ಕೆ ಅವರು ಕೆಮ್ಮುತ್ತಿದ್ದರು. ಆ ಕಡೆ ಇದ್ದವರು ಓನರ ತಾಯಿ, ನನ್ನ ಪಾಲಿಗೆ ಅಜ್ಜಿ. ಮೊದಲ ದಿನ ನಸುಕಿನಲ್ಲಿ ನಾನು ನೆಲಕ್ಕೆ ಕೂತು, ಹಲಗೆಯ ಮೇಲೆ ಜೋಳದ ರೊಟ್ಟಿ ಪಟಪಟ ಬಡಿಯತೊಡಗಿದಾಗ ಗೋಡೆಯ ಮೇಲಿಂದ ದನಿ ಬಂತು.

"ಏನವ್ವಾ ಅದು, ಬಟ್ಟೆ ಒಗೀತಿದ್ದೀಯಾ?"

"ರೊಟ್ಟಿ ಬಡ್ಯಾಕತ್ತೀನ್ರಿ ಅಜ್ಜೀ."

"ರೊಟ್ಟಿ ತಟ್ತಾರೆ ಕಣವ್ವ, ಇಂಗೆ ಒಡೀತಾರಾ ಅದನ್ನ?"

ಬಿಸಿ ರೊಟ್ಟಿ ಕೊಟ್ಟು ಬಂದೆ. "ಅಪ್ಪಳ ಇದ್ದಂಗೈತೆ, ಬೊಚ್ಚುಬಾಯೋಳು ಎಂಗೆ ತಿನ್ಲಿ" ಎಂದು ಬೈಯುತ್ತಲೇ ಸೊಪ್ಪಿನ ಸಾರಿನಲ್ಲಿ ನೆನೆಸಿಕೊಂಡು ಪೂರಾ ತಿಂದರು. ಸಂಜೆ ಗೋಡೆಯ ಮೇಲಿಂದ ಮುದ್ದೆಯ ತಟ್ಟೆ ಇಳಿಯಿತು. ನನಗೆ ಆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ, ಅದು ಬೇರೆ ಮಾತು.

ಒಂದು ಬೆಳಿಗ್ಗೆ ನನಗೆ ಕೆಂಡದಂಥ ಜ್ವರ. ನಮ್ಮವರು ರಾತ್ರಿ ಪಾಳಿಯಿಂದ ಇನ್ನೂ ಬಂದಿರಲಿಲ್ಲ. ಏಳಲಾರದೆ ಬಿದ್ದುಕೊಂಡಿದ್ದಾಗ ಬಾಗಿಲು ತಳ್ಳಿಕೊಂಡು ಅಜ್ಜಿ ಬಂದರು, ಕೈಯಲ್ಲಿ ರಾಗಿ ಗಂಜಿಯ ಲೋಟ.

"ಇವತ್ತು ಸದ್ದೇ ಇಲ್ವಲ್ಲ ಅಂತ ಬಂದೆ" ಎಂದರು.

ನಾನು ಅತ್ತುಬಿಟ್ಟೆ. ಹಡೆದವ್ವ ಅಷ್ಟು ದೂರ ಇದ್ದಳು, ಈ ಊರಿನಲ್ಲಿ ನಾನು ಏಳಲಿಲ್ಲವೆಂದು ತಿಳಿಯುವ ಜೀವ ಇದೊಂದೇ ಅನಿಸಿತ್ತು.

ಆಮೇಲೆ ಓನರು ಹಳೇ ಮನೆ ಕೆಡವಿ ಮೂರಂತಸ್ತು ಎಬ್ಬಿಸಿದರು. ಅಷ್ಟು ದಿನ ಬೇರೆ ಕಡೆ ಇದ್ದು, ಮುಗಿದ ಕೂಡಲೇ ಮೊದಲ ಮಹಡಿಗೆ ನಾವೇ ಬಂದೆವು. ನಲ್ಲಿ ತಿರುಗಿಸಿದರೆ ನೀರು, ಒಳಗೇ ಬಚ್ಚಲು, ಹೊಳೆಯುವ ಟೈಲ್ಸು. ಖುಷಿಗೆ ನಾನು ಎರಡೆರಡು ಸಲ ನೆಲ ಒರೆಸಿದೆ. ಅಜ್ಜಿಯ ಕೋಣೆ ನಮ್ಮ ಅಡುಗೆಮನೆಯ ಕೆಳಗೇ ಬಂದಿತ್ತು. ಸೊಂಟ ಮುರಿದುಕೊಂಡು ಅವರು ಹಾಸಿಗೆ ಹಿಡಿದಿದ್ದರು.

ಗ್ರಾನೈಟ್ ಕಟ್ಟೆಯ ಮುಂದೆ ನಿಂತು ಬಡಿದರೆ ರೊಟ್ಟಿ ನನಗೆ ಬಗ್ಗಲಿಲ್ಲ. ಒಲೆ ಕೆಳಗಿಳಿಸಿ, ಟೈಲ್ಸಿನ ಮೇಲೆ ಹಲಗೆ ಇಟ್ಟು ಕೂತೆ. ವಾರ ಕಳೆಯುವುದರೊಳಗೆ ಓನರ ಹೆಂಡತಿ, ಅಜ್ಜಿಯ ಸೊಸೆ, ಮೇಲೆ ಬಂದರು. "ಬೇಜಾರ್ ಮಾಡ್ಕೋಬೇಡಿ ಅಕ್ಕಾ. ಸದ್ದೆಲ್ಲ ಕೆಳಗೆ ಬರುತ್ತೆ. ಅತ್ತೆ ನಿದ್ದೆ ಕೆಡುತ್ತೆ, ಪಾಪ, ಮಾತ್ರೆ ತಗೊಂಡು ಮಲಗಿರ್ತಾರೆ."

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ನನಗೆ ಚುರ್ ಎಂದಿತು. ಅಜ್ಜಿಯೇ ಹೇಳಿ ಕಳಿಸಿರಬೇಕು ಅಂದುಕೊಂಡೆ. ಅಂದಿನಿಂದ ಲಟ್ಟಣಿಗೆ ಹಿಡಿದೆ. ಲಟ್ಟಿಸಿದ ರೊಟ್ಟಿ ಚಪ್ಪಲಿಯಂತೆ ದಪ್ಪ ಬರುತ್ತಿತ್ತು. ನಮ್ಮವರು ಮುರಿಯುತ್ತಾ, "ಯಾಕ, ನಿನ್ನ ಕೈ ಸೋತಾವೇನು?" ಎಂದರು. "ಸುಮ್ನ ತಿನ್ರಿ" ಎಂದೆ. ಅಜ್ಜಿಯನ್ನು ನೋಡಲೂ ಹೋಗಲಿಲ್ಲ. ಗೋಡೆ ಸೂರು ಮುಟ್ಟಿತು, ಇನ್ನೇನು, ಅವರವರ ಮನೆ ಅವರವರಿಗೆ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಸಂಕ್ರಾಂತಿ ಬಂತು. ಹಬ್ಬದ ದಿನ ಎಳ್ಳು ಕೊಡದೆ ಇರುವಷ್ಟು ಕಲ್ಲು ನಾನಲ್ಲ. ಕೆಳಗೆ ಹೋದೆ. ಕಿಟಕಿಗೆ ದಪ್ಪ ಪರದೆ ಹಾಕಿದ್ದ ಕೋಣೆಯಲ್ಲಿ ಅಜ್ಜಿ ಚಾವಣಿ ನೋಡುತ್ತಾ ಮಲಗಿದ್ದರು. ದನಿ ಕೇಳಿ ನನ್ನ ಕೈ ಹಿಡಿದುಕೊಂಡರು.

"ಯಾವಾಗ ಬಂದೆ ಊರಿಂದ?"

"ಯಾವ ಊರಿಂದ ಅಜ್ಜೀ? ಮ್ಯಾಲೇ ಅದೀನಲ್ಲ."

"ಮ್ಯಾಲಿದ್ದೀಯಾ? ಸದ್ದೇ ಇಲ್ವಲ್ಲೇ. ಮನೆ ಖಾಲಿ ಮಾಡ್ಕೊಂಡು ಓದೆ ಅಂದ್ಕೊಂಡಿದ್ದೆ. ಒಂದ್ಮಾತು ಯೋಳ್ದೆ ಓದ್ಲಲ್ಲ ಅಂತ ದಿನಾ ಬೈಕೊಂತಿದ್ದೆ."

ಪಕ್ಕದಲ್ಲಿದ್ದ ಸೊಸೆ ಮೆಲ್ಲಗೆ ಹೇಳಿದರು. "ನಾನೇ ಬೇಡ ಅಂದಿದ್ದೆ ಅತ್ತೆ. ನಿಮ್ಮ ನಿದ್ದೆ ಕೆಡುತ್ತೆ ಅಂತ."

"ನಿದ್ದೆ ಕಟ್ಕೊಂಡು ಏನ್ಮಾಡ್ಲವ್ವಾ" ಎಂದರು ಅಜ್ಜಿ. "ಮುಂದೆ ಬೇಕಾದಷ್ಟು ಮಲಗೋದೈತೆ. ಈ ಕ್ವಾಣೇಲಿ ಬೆಳಗಾಯ್ತೋ ಬೈಗಾಯ್ತೋ ಒಂದೂ ಗೊತ್ತಾಗಾಕಿಲ್ಲ. ಇವಳು ಬಡುದ್ರೆ ಬೆಳಗಾಯ್ತು ಅಂತ."

ನಾನು ಸೊಸೆಯ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಇಬ್ಬರ ಕಣ್ಣಲ್ಲೂ ನೀರಿತ್ತು.

ಮರುದಿನ ನಸುಕಿನಲ್ಲಿ ಹಲಗೆ ಹಾಕಿ ಕೂತೆ. ಇಷ್ಟು ದಿನದ ಬಾಕಿಯೆಲ್ಲ ತೀರುವಂತೆ ಬಡಿದೆ. ನಮ್ಮವರು ಗಾಬರಿಯಿಂದ ಎದ್ದು ಕೂತರು. ಮೊದಲ ರೊಟ್ಟಿ ತವೆಗೆ ಹಾಕುವಾಗ ಕೆಳಗಿನಿಂದ ಅಜ್ಜಿ ಕೋಲಿನಿಂದ ಕಬ್ಬಿಣದ ಮಂಚಕ್ಕೆ ಟಣ್ ಎಂದು ಕುಟ್ಟಿದ್ದು ಕೇಳಿಸಿತು. ಅಂದಿನಿಂದ ದಿನವೂ ಹಾಗೆ. ನನ್ನ ಮೊದಲ ರೊಟ್ಟಿ, ಅವರ ಒಂದು ಟಣ್.

ಮುಂದಿನ ಸಂಕ್ರಾಂತಿಗೆ ಅಜ್ಜಿ ಇರಲಿಲ್ಲ. ಆ ಕೋಣೆ ಈಗ ಖಾಲಿ, ಮಂಚ ಯಾರಿಗೋ ಕೊಟ್ಟರು. ಆದರೂ ಮೊದಲ ರೊಟ್ಟಿ ತವೆಗೆ ಬಿದ್ದಾಗ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ. ಅಜ್ಜಿ ಬೇಕು ಅನಿಸುತ್ತದೆ. ಜರಿ ಬೀಳುವ ಆ ದರಿದ್ರ ಮನೆಯೂ ಬೇಕು ಅನಿಸುತ್ತದೆ.

ಕಳೆದ ತಿಂಗಳು ನನಗೆ ಮತ್ತೆ ಜ್ವರ ಬಂದಿತ್ತು. ರೊಟ್ಟಿ ಇಲ್ಲ, ಏನಿಲ್ಲ, ನಮ್ಮವರು ಬನ್ನು ತಿಂದು ಕೆಲಸಕ್ಕೆ ಹೋಗಿದ್ದರು. ಸ್ವಲ್ಪ ಹೊತ್ತಿಗೆ ಬಾಗಿಲ ಬೆಲ್ ಆಯಿತು. ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತೆಗೆದೆ. ಅಜ್ಜಿಯ ಸೊಸೆ ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬಿಡುತ್ತಾ ನಿಂತಿದ್ದರು.

"ಇವತ್ತು ಸದ್ದೇ ಇಲ್ವಲ್ಲ ಅಕ್ಕಾ, ಅದಕ್ಕೇ ಬಂದೆ" ಎಂದು ಕೈಯಲ್ಲಿದ್ದ ಗಂಜಿಯ ಲೋಟ ಮುಂದೆ ಚಾಚಿದರು.