ಶಾಫ್ಟಿನ ಮೂಲೆ ಮತ್ತು ಫಿಟ್ಟರ್ ತಾತ

ಹೋದ ವಾರ ನಮ್ಮ ಕಾರ್ಖಾನೆಯಲ್ಲಿ ಹಳೆಯ ಬೇರಿಂಗೊಂದನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಕರಗಿದ ಗ್ರೀಸಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕ್ಯಾಸಂಬಳ್ಳಿಯ ನಮ್ಮ ಮನೆಯ ಕೊಟ್ಟಿಗೆ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದ ಫಿಟ್ಟರ್ ತಾತ ಕಣ್ಣ ಮುಂದೆ ಬಂದರು. ಮೊಣಕೈವರೆಗೂ ಮೆತ್ತಿದ ಕರಿ, ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ ಅದರ ಸದ್ದು ಕೇಳುವ ಆ ರೀತಿ...

ಅವರು ನಮ್ಮ ನೆಂಟರಲ್ಲ. ಹತ್ತಿರದ ಗಣಿ ಕಾಲೊನಿ ಕೋರಮಂಡಲ್‌ನವರು, ಮನೆಮಾತು ತಮಿಳು. ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದವರು. ಗಣಿ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೂ ಮೊಪೆಡ್ಡಿಗೆ ಸ್ಪ್ಯಾನರಿನ ಚೀಲ ಕಟ್ಟಿಕೊಂಡು ಸುತ್ತಲ ಹಳ್ಳಿಗಳ ಪಂಪು, ಹಿಟ್ಟಿನ ಗಿರಣಿ ರಿಪೇರಿ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ನಾಲ್ಕು ಹಸು. ಮೇವು ಕತ್ತರಿಸುವ ಮಷೀನು ಕೆಟ್ಟರೆ ಅಪ್ಪ ಹುಡುಕುತ್ತಿದ್ದದ್ದು ಅವರನ್ನೇ. ನನ್ನನ್ನು ಅವರು ತಮ್ಮ ತಮಿಳಿನ ಮಮತೆಯಲ್ಲಿ 'ಕಣ್ಣು' ಎಂದು ಕರೆಯುತ್ತಿದ್ದರು.

ನಾನಾಗ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೆ. ತರಗತಿಗೆ ನಾನೊಬ್ಬಳೇ ಹುಡುಗಿ. ಮಷೀನ್ ಡಿಸೈನ್ ಪೇಪರಿನಲ್ಲಿ ಒಮ್ಮೆ ಫೇಲಾಗಿ, ಅರ್ಥವಾಗದ ಸೂತ್ರಗಳನ್ನು ಉರು ಹೊಡೆಯುತ್ತಿದ್ದೆ. ಅಂಥ ಒಂದು ಭಾನುವಾರ ನಮ್ಮ ಮಷೀನಿನ ಚಕ್ರ ತಿರುಗಿಸುವ ಉಕ್ಕಿನ ದಂಡ, ಶಾಫ್ಟು, ಮುರಿಯಿತು. ತಾತ ಮುರಿದ ತುಂಡನ್ನು ಬಿಸಿಲಿಗೆ ಹಿಡಿದು ನನ್ನನ್ನು ಕರೆದರು.

"ನೋಡು ಕಣ್ಣು, ಈ ಕಡೆ ಕಪ್ಗೆ, ನುಣ್ಗೆ ಐತೆ. ಇದು ಅಳೇ ಬಿರುಕು. ಈ ಕಡೆ ಒಳೀತಾ ಐತಲ್ಲ, ಅಷ್ಟು ಮಾತ್ರ ಇವತ್ತು ಮುರ್ದಿರೋದು."

"ಇಲ್ಲೇ ಯಾಕೆ ಮುರೀತು ತಾತ?"

"ದಪ್ಪ ಇರೋದು ಸಣ್ಣ ಆಗೋ ಜಾಗ್ದಾಗೆ ಮೂಲೇನ ಚೂಪಾಗಿ ಕಡ್ದವ್ರೆ. ಗುಂಡ್ಗೆ ಬಿಡ್ಬೇಕಿತ್ತು."

ಇಷ್ಟು ಹೇಳಿ ತುಂಡನ್ನು ಕೆಳಗಿಟ್ಟರು. ಆಮೇಲೆ, ಕೇಳದಿದ್ದರೂ, ಒಂದು ಹಳೆಯ ಸಂಗತಿ ತೆಗೆದರು. ಗಣಿ ಮುಚ್ಚಿದ ಹೊಸತರಲ್ಲಿ ಎಲ್ಲೋ ಒಂದು ಸಣ್ಣ ವರ್ಕ್‌ಶಾಪಿಗೆ ಸೇರಿದ್ದರಂತೆ. ಅಲ್ಲಿ ಇಂಥದ್ದೇ ಚೂಪು ಮೂಲೆಯ ಶಾಫ್ಟು ಬಂದಾಗ, ಇದನ್ನು ಜೋಡಿಸುವುದಿಲ್ಲ ಎಂದು ಹಟ ಹಿಡಿದರು. ಅಲ್ಲಿದ್ದ ಎಳೆಪ್ರಾಯದ ಇಂಜಿನಿಯರು ಎಲ್ಲರ ಎದುರಿಗೇ ನಕ್ಕು, "ಯಾವ ಪುಸ್ತಕದಲ್ಲಿದೆ, ತೋರಿಸು" ಎಂದ. ತಾತ ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವರು. ಮಾರನೆಯ ದಿನದಿಂದ ಕೆಲಸಕ್ಕೆ ಬರಬೇಡ ಎಂದು ವರ್ಕ್‌ಶಾಪಿನವರು ಕಳಿಸಿಬಿಟ್ಟರಂತೆ.

"ನಂದೇ ತಪ್ಪೇನೋ ಅಂತ ಈಗ್ಲೂ ಒಂದೊಂದ್ಕಿತ ಅನ್ಸ್ತೈತೆ ಕಣ್ಣು."

ನಾನು ಒಳಗೆ ಓಡಿ ಪುಸ್ತಕ ತಂದೆ. ಕಷ್ಟವೆಂದು ಬಿಟ್ಟಿದ್ದ ಪಾಠದಲ್ಲೇ ಅದಿತ್ತು. ಇಂಗ್ಲಿಷಿನ ಸಾಲುಗಳನ್ನು ನಿಧಾನವಾಗಿ ಕನ್ನಡ ಮಾಡಿ ಹೇಳಿದೆ: ದಪ್ಪ ಒಮ್ಮೆಲೇ ಬದಲಾದರೆ ಬಲವೆಲ್ಲ ಆ ಮೂಲೆಯಲ್ಲಿ ಕೂಡಿಕೊಳ್ಳುತ್ತದೆ, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ, ಮೂಲೆಯನ್ನು ಗುಂಡಗೆ ಮಾಡಬೇಕು. ಪಕ್ಕದಲ್ಲೇ ಚಿತ್ರವೂ ಇತ್ತು.

"ಅದೇ ಮಾತು ಬರ್ದವ್ರಾ?"

"ಅದೇ ತಾತ."

"ಇನ್ನೊಂದ್ಕಿತ ಓದು."

ಮೂರು ಸಲ ಓದಿಸಿದರು. ಹಾಳೆಗೆ ಕರಿಯಾದೀತೆಂದು ಚಿತ್ರವನ್ನು ಮುಟ್ಟದೆ, ಬೆರಳನ್ನು ಅದರ ಮೇಲೆ ಗಾಳಿಯಲ್ಲೇ ಆಡಿಸಿದರು. ಕೊನೆಗೆ, "ಇದ್ನ ಬರ್ದೋನು ಯಾವೂರೋನು?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

"ಒಳ್ಳೆ ಫಿಟ್ಟರ್ ಆಗಿರ್ತಾನೆ," ಎಂದರು.

ಆ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಆ ಇಂಜಿನಿಯರಿಗೆ ತೋರಿಸೋಣ ಎಂದು ನಾನು ಎಗರಾಡಿದೆ. ಅವರು ತಲೆಯಾಡಿಸಿದರು. "ಬ್ಯಾಡ ಕಣ್ಣು. ಆವಯ್ಯ ಈಗ ಎಲ್ಲವ್ನೋ. ನಂಗ್ ಗೊತ್ತಾಯ್ತಲ್ಲ."

ಅಲ್ಲಿಂದ ಪರೀಕ್ಷೆಯವರೆಗೆ, ರಿಪೇರಿ ಇರಲಿ ಬಿಡಲಿ, ಭಾನುವಾರ ತಾತ ಬರುತ್ತಿದ್ದರು. ನಾನು ಓದಿ ಹೇಳುತ್ತಿದ್ದೆ. ಅವರು ಚೀಲದಿಂದ ಗಿಯರು, ಸ್ಪ್ರಿಂಗು ತೆಗೆದು ಕೈಗೆ ಕೊಡುತ್ತಿದ್ದರು. ಹಲ್ಲು ಎಲ್ಲಿ ಸವೆಯುತ್ತದೆಂದು ಬೆರಳಿಗೆ ತಿಳಿದ ಮೇಲೆ ಸೂತ್ರ ತಾನಾಗಿ ತಲೆಯಲ್ಲಿ ನಿಂತಿತು. ಪಾಸಾದೆ.

ಮಾಲೂರಿನ ಹತ್ತಿರ ಕೆಲಸ ಸಿಕ್ಕಿತು. ಬೆಳಿಗ್ಗೆ ಬಂಗಾರಪೇಟೆಗೆ ಬಂದು ರೈಲು ಹಿಡಿದರೆ ಮನೆ ಸೇರುವಾಗ ಕತ್ತಲು. ಎಷ್ಟೋ ಭಾನುವಾರವೂ ಡ್ಯೂಟಿ. ತಾತ ಬಂದು, "ಕಣ್ಣು ಇಲ್ವಾ?" ಎಂದು ಕೇಳಿಕೊಂಡು ಹೋದರೆಂದು ಅಮ್ಮ ಹೇಳುತ್ತಿದ್ದಳು. ಮುಂದಿನ ವಾರ ಸಿಗೋಣ, ಅದರ ಮುಂದಿನ ವಾರ ಸಿಗೋಣ ಅಂದುಕೊಳ್ಳುತ್ತಾ...

ತಾತ ತೀರಿಕೊಂಡ ಸುದ್ದಿಯನ್ನು ಅಪ್ಪ ಹಾಲಿನ ಡೈರಿಯಲ್ಲಿ ಕೇಳಿಕೊಂಡು ಬಂದರು. ಅಷ್ಟರಲ್ಲಿ ಎಂಟು ದಿನ ಕಳೆದಿತ್ತು. ಅಪ್ಪನ ಜೊತೆ ಕೋರಮಂಡಲ್‌ಗೆ ಹೋದೆ. ಅಷ್ಟು ವರ್ಷ ನಮ್ಮ ಮನೆಗೆ ಬಂದವರ ಮನೆಗೆ ನಾನು ಹೋದದ್ದು ಅದೇ ಮೊದಲು. ತಾತನ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ನೀನೇನಾ ಅವರ್ ಕಣ್ಣು? 'ನಾನ್ ಯೋಳಿದ್ದೇ ಪುಸ್ತಕದಾಗೂ ಐತಂತೆ' ಅಂತ ಬಂದೋರ್ಗೆಲ್ಲ ಯೋಳ್ತಿದ್ರು."

ಸೀಮೆಎಣ್ಣೆಯ ಆ ವಾಸನೆ ಬಿಡದೆ ಕಾಡಿ, ಮೊನ್ನೆ ಭಾನುವಾರ ಒಬ್ಬಳೇ ತಾತನ ಮನೆಗೆ ಹೋದೆ. ಬಾಗಿಲಿಗೆ ಬೀಗ. ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಹೆಂಗಸು ಯಾರು ಬೇಕೆಂದು ಕೇಳಿದಳು. ಫಿಟ್ಟರ್ ತಾತನ ಮನೆಯವರು ಎಂದೆ.

"ಈ ಲೈನ್‌ನಾಗೆ ಎಲ್ಲಾ ಫಿಟ್ಟರ್ ಮನೆಗ್ಳೇ ಅಲ್ವಾ ಅಕ್ಕ. ಎಸ್ರೇನು ಅವರ್ದು?"

ನಾನು ಯಾವತ್ತೂ ಕೇಳಿಯೇ ಇರಲಿಲ್ಲ.