ಅವ್ವ ಕಟ್ಟಿದ ಗಂಟಿನ ಕತೆ

ನನ್ನ ಎದೆಯಲ್ಲಿ ಯಾವತ್ತೂ ಗಂಟು ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಲ್ಲದ ಆ ಗಂಟಿನ ದೆಸೆಯಿಂದ ನನ್ನ ಮಗಳು ಹುಟ್ಟಿದ ಒಂಬತ್ತನೆಯ ದಿನಕ್ಕೆ ತಾಯಿಯ ಹಾಲು ಕಳೆದುಕೊಳ್ಳುವುದರಲ್ಲಿದ್ದಳು.

ಇದ್ದದ್ದು ಭಾರ. ಕಾಲೇಜಿಗೆ ಬರುವ ಹೊತ್ತಿಗೇ ಒಳ ಉಡುಪಿನ ಪಟ್ಟಿ ಕೊರೆದು ಎರಡೂ ಭುಜಗಳ ಮೇಲೆ ಗೆರೆ ಬಿದ್ದಿತ್ತು. ಕುತ್ತಿಗೆ, ಬೆನ್ನು ಸದಾ ನೋವು. ಸೇಡಂ ಬಸ್ ನಿಲ್ದಾಣದಲ್ಲಿ ನಿಂತರೆ ನನ್ನ ಮುಖ ನೋಡಿ ಮಾತಾಡಿದವರು ಕಡಿಮೆ. ಕೆಲಸ ಸಿಕ್ಕ ಮರುವರ್ಷ ಹೈದರಾಬಾದಿಗೆ ಹೋಗಿ ಶಸ್ತ್ರಚಿಕಿತ್ಸೆಯಿಂದ ಎದೆ ಸಣ್ಣದು ಮಾಡಿಸಿಕೊಂಡೆ. ಮುಂದೆ ಕೂಸಾದರೆ ಹಾಲು ಎಷ್ಟು ಬರುತ್ತದೋ ಹೇಳಲಾಗದು ಎಂದು ವೈದ್ಯರು ಎಚ್ಚರಿಸಿದ್ದರು. ಆಗ ಮದುವೆಯ ಮಾತೆತ್ತಿದರೇ ನನಗೆ ಮೈಯೆಲ್ಲ ಉರಿಯುತ್ತಿತ್ತು, ಕೂಸಿನ ಚಿಂತೆ ಎಲ್ಲಿಂದ ಬರಬೇಕು? ಸಹಿ ಹಾಕಿದೆ. ಆಮೇಲೆ ಒಂದು ದಿನ ನೆಟ್ಟಗೆ ಕುಳಿತು, ನೋವಿಲ್ಲದೆ ಒಂದು ಕಪ್ ಚಹಾ ಕುಡಿದ ಸುಖ ಇಂದಿಗೂ ನೆನಪಿದೆ. ಅದನ್ನು ಮಾಡಿಸಿಕೊಂಡದ್ದಕ್ಕೆ ನಾನು ಪಶ್ಚಾತ್ತಾಪಪಟ್ಟಿಲ್ಲ. ನಾಚಿಕೆಯಿದ್ದದ್ದು ಅವ್ವನಿಗೆ. ಕೇಳಿದವರಿಗೆಲ್ಲ ಬೆನ್ನಿನ ಆಪರೇಷನ್ ಎಂದಳು. ಮದುವೆಗೆ ಮೊದಲು ಗಂಡನಿಗೆ ನಾನೇ ನಿಜ ಹೇಳಿದೆ, ಈಗ ಬೆನ್ನು ಆರಾಮಿದೆಯೇ ಎಂದಷ್ಟೇ ಅವರು ಕೇಳಿದರು. ಅತ್ತೆಗೆ ಮಾತ್ರ ಯಾರೂ ಹೇಳಲಿಲ್ಲ.

ಚೊಚ್ಚಲ ಹೆರಿಗೆಗೆ ಸೇಡಂನ ತವರಿಗೆ ಬಂದೆ. ಚಿತ್ತಾಪುರದ ಶಾಲೆಯಲ್ಲಿ ವರ್ಷವರ್ಷವೂ ಸಸ್ತನಿಗಳ ಪಾಠ ಮಾಡುವವಳು ನಾನು. ಮಗಳು ಹುಟ್ಟಿ ಮೂರು ದಿನವಾದರೂ ಎದೆ ಹಿಂಡಿ ಹಿಂಡಿ ಚಮಚದ ತಳ ಒದ್ದೆ ಮಾಡುವುದರಲ್ಲೇ ಇದ್ದೆ. ಆಸ್ಪತ್ರೆಯ ಹಿರಿಯ ನರ್ಸ್ ಒಬ್ಬರಿಗೆ ಗುಟ್ಟಾಗಿ ಎಲ್ಲ ಹೇಳಿದೆ. ಅವರು ಗಾಬರಿಯಾಗಲಿಲ್ಲ. ಮೊದಲು ಎದೆಗೆ ಹಚ್ಚು, ಆಮೇಲೆ ಡಾಕ್ಟರು ಹೇಳಿದಷ್ಟು ಡಬ್ಬಿ ಹಾಲು ಚಮಚದಲ್ಲಿ ಹಾಕು ಎಂದರು. ಅವರ ಒಂದು ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು: "ಕೂಸು ಚೀಪಿದಷ್ಟು ಬರ್ತದವ್ವ. ಚೀಪೂದು ಬಿಡಿಸಿದ್ರ ಇದ್ದದ್ದೂ ಹೋಗ್ತದ."

ಹಗಲೆಲ್ಲ ಅದೇ ಕೆಲಸ. ಹಾಲು ಹೆಚ್ಚಲಿ ಎಂದು ಅವ್ವ ಅಳವಿ ಬೀಜದ ಪಾಯಸ, ಸಬ್ಬಸಗಿ ಪಲ್ಯ, ಬೆಳ್ಳುಳ್ಳಿ ಎಂದು ನನ್ನ ಬಾಯಿಗೆ ತುರುಕುತ್ತಿದ್ದಳು. ನಾನು ಸಿಡುಕುತ್ತಲೇ ತಿನ್ನುತ್ತಿದ್ದೆ. ಆರನೆಯ ದಿನ ಮಗಳು ಎದೆ ಬಿಟ್ಟಾಗ ಅವಳ ತುಟಿಯ ಮೂಲೆಯಿಂದ ಬೆಳ್ಳಗೆ ಒಂದು ಹನಿ ಇಳಿಯಿತು. ಅದು ಡಬ್ಬಿಯದಲ್ಲ, ನನ್ನದು. ಬಿ.ಇಡಿ. ಪಾಸಾದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ.

ಬಾಣಂತಿಯಾದವಳು ಏನನ್ನು ಮುಚ್ಚಿಟ್ಟರೂ ನೀರೆರೆಯಲು ಬರುವವರಿಂದ ಮುಚ್ಚಿಡಲಾರಳು. ಮೊದಲ ದಿನಗಳಲ್ಲಿ ಅವ್ವನೇ ನನಗೆ ಎರೆದಳು. ಅವಳ ಸೊಂಟ ಹಿಡಿದುಕೊಂಡ ದಿನ ಓಣಿಯ ಅಜ್ಜಿ ಬಂದಳು, ಇಡೀ ಓಣಿಯ ಬಾಣಂತಿಯರಿಗೆ ಎರೆಯುವವಳು. ಬಿಸಿನೀರಿನ ಹಬೆಯಲ್ಲೂ ಅವಳ ಕಣ್ಣಿಗೆ ನನ್ನ ಎದೆಯ ಕೆಳಗಿನ ಹೊಲಿಗೆಯ ಗುರುತು ಬಿತ್ತು. ಇದೇನು ಎಂದು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಬಾಗಿಲಲ್ಲಿ ನಿಂತಿದ್ದ ಅವ್ವ, ಹಿಂದೊಮ್ಮೆ ಸಣ್ಣ ಗಂಟಾಗಿತ್ತು, ತೆಗೆಸಿದೆವು ಎಂದುಬಿಟ್ಟಳು. ಬೆನ್ನಿನ ಕತೆ ಅಲ್ಲಿ ನಡೆಯುವಂತಿರಲಿಲ್ಲವಲ್ಲ. ಗಂಟು ಮರ್ಯಾದೆಯ ರೋಗ ಎಂದು ಅವ್ವನಿಗೆ ಅನ್ನಿಸಿರಬೇಕು. ಆ ಮಾತು ಮೂರೇ ದಿನದಲ್ಲಿ ರೈಲು ಹತ್ತಿ ವಾಡಿ ದಾಟಿ ಶಹಾಬಾದಿನ ನನ್ನ ಅತ್ತೆಯ ಕಿವಿ ಮುಟ್ಟಿತು.

ಅತ್ತೆ ಅವತ್ತೇ ಹೊರಟು ಬಂದರು. ಅವರದು ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಮನೆತನ. ಮಷೀನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರ ಮೆಲುದನಿಯೂ ನಾಲ್ಕು ಮನೆಗೆ ಕೇಳುತ್ತದೆ. ಆದರೆ ಅಂದು ದನಿಯೇ ಇರಲಿಲ್ಲ. ಕೈಕಾಲು ತೊಳೆದು ಬಂದು, ಹಾಲು ಕುಡಿಯುತ್ತಿದ್ದ ಕೂಸನ್ನು ನನ್ನ ಮಡಿಲಿನಿಂದ ಎತ್ತಿಕೊಂಡು "ಈ ಹಾಲು ಬ್ಯಾಡ" ಎಂದರು. ಅವರ ತಂಗಿ ಎದೆಯ ಗಂಟಿನಿಂದಲೇ ತೀರಿಕೊಂಡಿದ್ದಳಂತೆ, ಮೊಲೆ ಬಿಡದ ಕೂಸನ್ನು ಬಿಟ್ಟು. ಆ ಕೂಸನ್ನು ಸಾಕಿದವರು ಇವರೇ. ಅಲ್ಲಿಯವರೆಗೆ ನನಗೆ ಅದೆಲ್ಲ ಗೊತ್ತಿರಲಿಲ್ಲ. ಅವ್ವ ಅಡುಗೆಮನೆ ಸೇರಿದಳು. ವಾಡಿಯ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದ ಗಂಡ ಫೋನ್ ಎತ್ತಲಿಲ್ಲ.

ಅತ್ತೆ ಒಂದು ಸಲ ಚಮಚದಲ್ಲಿ ಡಬ್ಬಿ ಹಾಲು ಹಾಕಿದರು, ಎರಡನೆಯ ಸಲವೂ ಹಾಕಿದರು. ಪಕ್ಕದ ಕೋಣೆಯಲ್ಲಿ ಕುಳಿತ ನನ್ನ ರವಿಕೆ ತಾನಾಗಿ ಒದ್ದೆಯಾಯಿತು. ಅಷ್ಟು ದಿನ ಬೇಡಿಕೊಂಡರೂ ಹನಿಹನಿಯಾಗಿ ಬಂದದ್ದು ಈಗ ಕುಡಿಯುವವರಿಲ್ಲದೆ ಬಟ್ಟೆಗೆ ಹೋಗುತ್ತಿತ್ತು. ಇವತ್ತು ಬಾಯಿ ಮುಚ್ಚಿಕೊಂಡರೆ ನಾಳೆ ಇದೂ ಇರುವುದಿಲ್ಲ ಎಂದು ಹೆದರಿದೆ. ಮಾನ ಹೋದರೆ ಹೋಗಲಿ ಅನ್ನಿಸಿತು. ಎದ್ದು ಹೋಗಿ ಅತ್ತೆಯ ಎದುರು ಕುಳಿತೆ.

"ಅತ್ತಿ, ನನಗ ಗಂಟೇ ಆಗಿರಲಿಲ್ಲ. ಎದಿ ಭಾಳ ದೊಡ್ಡವು ಇದ್ವು, ನಾನೇ ಹೋಗಿ ಸಣ್ಣ ಮಾಡಿಸ್ಕೊಂಡೀನಿ. ನಿಮಗ ಹೇಳಲಾರದ್ದು ನನ್ನ ತಪ್ಪು."

ಅತ್ತೆ ನನ್ನನ್ನು ನೋಡಿದರು, ಬಾಗಿಲಿಗೆ ಬಂದು ನಿಂತಿದ್ದ ಅವ್ವನನ್ನು ನೋಡಿದರು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕೂಸನ್ನು ಪಕ್ಕದಲ್ಲಿ ಮಲಗಿಸಿ ಅತ್ತೆ ನನ್ನ ರವಿಕೆ ಸರಿಸಿದರು. ಒರಟು ಬೆರಳುಗಳಿಂದ ಹೊಲಿಗೆಯ ಗುರುತಿನ ಸುತ್ತ, ಕಂಕುಳ ತನಕ ಒತ್ತಿ ಒತ್ತಿ ನೋಡಿದರು. ತಂಗಿಯ ಮೈಯಲ್ಲಿ ಸಿಕ್ಕದ್ದನ್ನು ನನ್ನ ಮೈಯಲ್ಲಿ ಹುಡುಕುತ್ತಿದ್ದರು. ಅಷ್ಟು ಹೊತ್ತಿನ ಸಿಟ್ಟು ಎಲ್ಲಿ ಹೋಯಿತೋ, ಅವರ ಮೇಲೆ ನನಗೆ ಮರುಕ ಬಂತು. ಕೊನೆಗೆ ಅವರು ಕೂಸನ್ನು ಎತ್ತಿ ನನ್ನ ಮಡಿಲಿಗೆ ಹಾಕಿದರು.

"ಕುಡಸು" ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ ಅತ್ತರು.

ಮರುದಿನ ನನ್ನ ಜೊತೆ ಆಸ್ಪತ್ರೆಗೆ ತಾವೇ ಬಂದರು. ನರ್ಸ್ ಕೂದಲಿನಷ್ಟು ಸಣ್ಣ ನಳಿಗೆಯೊಂದನ್ನು ಕೊಟ್ಟರು. ಅದರ ಒಂದು ತುದಿಯನ್ನು ಎದೆಗೆ ಅಂಟಿಸಿ, ಇನ್ನೊಂದು ತುದಿಯನ್ನು ಡಬ್ಬಿ ಹಾಲಿನ ಬಟ್ಟಲಲ್ಲಿ ಬಿಡಬೇಕು. ಕೂಸು ಎದೆ ಚೀಪಿದಾಗ ಎರಡೂ ಹಾಲು ಒಟ್ಟಿಗೆ ಬಾಯಿಗೆ ಹೋಗುತ್ತವೆ. ಬಟ್ಟಲು ಎತ್ತರಕ್ಕೆ ಹಿಡಿದರೆ ಸಲೀಸಾಗಿ ಇಳಿಯುತ್ತದೆ, ತಗ್ಗಿಸಿದರೆ ಕೂಸು ಹೆಚ್ಚು ಚೀಪಬೇಕು. ಬಟ್ಟಲು ಹಿಡಿಯುವ ಕೆಲಸ ಅತ್ತೆ ತಾವೇ ವಹಿಸಿಕೊಂಡರು. ಶಹಾಬಾದಿಗೆ ಹೋಗುವ ಮಾತೇ ಎತ್ತಲಿಲ್ಲ. ನಳಿಗೆ ಸರಿಯಾಗಿ ತೊಳೆದಿಲ್ಲ ಎಂದು ನನ್ನನ್ನು ಬೈಯುತ್ತಾ, ಮೊಮ್ಮಗಳು ಕುಡಿಯುವ ಭರ ನೋಡಿ ದಿನಕ್ಕಿಷ್ಟು ಬಟ್ಟಲು ತಗ್ಗಿಸುತ್ತಾ ಬಂದರು. ತಿಂಗಳು ತುಂಬುವಷ್ಟರಲ್ಲಿ ಮಗಳ ತೂಕ ನೋಡಿ ಡಾಕ್ಟರು ನಕ್ಕರು. ಬೆಳಗಿನ ಹೊತ್ತು ಬಟ್ಟಲಲ್ಲಿ ಹಾಲು ಉಳಿಯತೊಡಗಿತ್ತು.

ಹಾಗಿರುವಾಗ ಒಂದು ಮಧ್ಯಾಹ್ನ ಅವ್ವ ಯಾರ ಬಾಯಿಗೆ ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದಳೋ ಆ ಎದುರುಮನೆಯ ಹೆಂಗಸು ಬಾಣಂತಿಯನ್ನು ನೋಡಲು ಬಂದರು. ಒಳಗೆ ಬರುತ್ತಲೇ, ಬಾಣಂತಿಯ ಎದೆಗೆ ಇದೇನು ಪೈಪು ಎಂದು ಕೇಳಿದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವ್ವ ಇನ್ನೊಂದು ಕತೆ ಕಟ್ಟುತ್ತಿದ್ದಾಳೆಂದು ನನಗೆ ಗೊತ್ತಾಯಿತು.

ಅತ್ತೆ ಬಟ್ಟಲಿನಿಂದ ಕಣ್ಣು ತೆಗೆಯದೆ, ತಮ್ಮ ಎಂದಿನ ದನಿಯಲ್ಲಿ ಹೇಳಿದರು: "ನಮ್ಮ ಸೊಸಿ ಎದಿ ಭಾರ ಇದ್ವು, ಆಪರೇಷನ್ ಮಾಡಿಸಿ ಕಡಿಮಿ ಮಾಡ್ಕೊಂಡಾಳ. ಹಾಲು ಸ್ವಲ್ಪ ಕಮ್ಮಿ ಬರ್ತದ, ಉಳಿದದ್ದು ಈ ಬಟ್ಟಲದಾಗ ಅದ. ನೀವು ಅಲ್ಲಿ ಕುಂದ್ರಿ, ಬೆಳಕಿಗಿ ಅಡ್ಡ ಬರಬ್ಯಾಡ್ರಿ."

ಇಡೀ ಓಣಿಗೆ ಕೇಳಿರಬೇಕು. ಬಂದವರು ತೋರಿಸಿದ ಜಾಗದಲ್ಲಿ ಕುಳಿತು, ಕೂಸು ಯಾರನ್ನು ಹೋಲುತ್ತದೆ ಎಂದು ಮಾತಿಗೆ ತೊಡಗಿದರು. ಅಷ್ಟೇ ಆದದ್ದು. ಇಷ್ಟಕ್ಕೇ ಅಷ್ಟು ವರ್ಷ ಹೆದರಿದೆವಲ್ಲ ಎಂದು ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಅಡುಗೆಮನೆಯ ಕಡೆ ಕೂಗಿದರು: "ಅಕ್ಕೋರ, ಬರ್ರಿ ಇಲ್ಲಿ. ನನ್ನ ಕೈ ಸೋತಾವ, ನೀವು ಹಿಡೀರಿ." ನಾನು ಹಾಲು ಕುಡಿಸುವಾಗ ಮನೆಗೆ ಯಾರಾದರೂ ಬಂದರೆ ಅವ್ವ ಆ ಕೋಣೆಗೆ ಕಾಲಿಟ್ಟವಳಲ್ಲ. ಅಂದು ಹಿಟ್ಟಿನ ಕೈ ತೊಳೆದುಕೊಂಡು ಬಂದಳು, ಎದುರುಮನೆಯವರ ಎದುರಿಗೇ ನನಗೆ ಒತ್ತಿ ಕುಳಿತು ಬಟ್ಟಲು ಹಿಡಿದಳು.