ಬಿಗಿ ಮೇಸ್ತ್ರಿಯ ಕೊನೆಯ ಕಾರು

ಕಾರು ರಿಪೇರಿಯ ಮೇಸ್ತ್ರಿ ತೀರಿಹೋಗಿ ಮೂರು ದಿನವಾಗಿತ್ತು. ಅವನ ಹೆಂಡತಿ ಒಂದು ಕಡೆ ಕೂತವಳಲ್ಲ. ಬಾಗಿಲಿಗೆ ಹೋಗುವಳು, ಒಳಗೆ ಬರುವಳು. ತಟ್ಟೆ ಮುಂದಿಟ್ಟರೆ ಎದ್ದುಬಿಡುವಳು. ದುಃಖ ಎಂದರು ಬಂದವರು. ದುಃಖ ಇತ್ತು. ಆದರೆ ಅವಳನ್ನು ಕೂರಲು ಬಿಡದಿದ್ದುದು ಆಸ್ಪತ್ರೆಯ ನರ್ಸಮ್ಮನ ಕಾರು.

ಮೇಸ್ತ್ರಿ ಕೊನೆಗೆ ಮಾಡಿದ್ದು ಅದೇ ಕಾರಿನ ಕೆಲಸ. ಹಿಂದಿನ ಚಕ್ರದ ನಾಲ್ಕು ಬೋಲ್ಟಿನಲ್ಲಿ ಎರಡು ತುಂಡಾಗಿದ್ದವು. ಮೋಟುಗಳನ್ನು ಸುತ್ತಿಗೆಯಿಂದ ಹೊಡೆದು ಹಿಂದಕ್ಕೆ ಉದುರಿಸಿದ. ಹೊಸವನ್ನು ತೂರಿಸಿ, ನಟ್ಟು ಹಾಕಿ ಎಳೆದು ಕೂರಿಸಿದ. ಪಕ್ಕದಲ್ಲಿ ನಿಂತು ನಟ್ಟು, ಬೋಲ್ಟು ಎತ್ತಿಕೊಟ್ಟವಳು ಹೆಂಡತಿಯೇ.

"ಹೊಸ ಬೋಲ್ಟು ಅಂದ್ರೆ ಹೊಸ ಸೊಸೆ ಇದ್ದ ಹಾಗೆ ನರ್ಸಮ್ಮ. ಒಂದಿನ ಓಡಾಡಿದ ಮೇಲೇ ಸರಿಯಾಗಿ ಕೂರೋದು. ನಾಳೆ ಬನ್ನಿ, ಇನ್ನೊಂದ್ಸಲ ಬಿಗಿ ಮಾಡ್ತೀನಿ" ಅಂದಿದ್ದ.

ಇಪ್ಪತ್ತೆಂಟು ವರ್ಷದಲ್ಲಿ ಎರಡನೇ ಸಲ ಬಿಗಿ ಮಾಡದೆ ಯಾರನ್ನೂ ಬಿಟ್ಟವನಲ್ಲ. ಬಿಗಿ ಮೇಸ್ತ್ರಿ ಅನ್ನೋ ಹೆಸರು ಅದಕ್ಕೇ ಬಂದದ್ದು. ನರ್ಸಮ್ಮ ಕಾರು ಒಯ್ದ ದಿನವೇ ಸಂಜೆ ಅಂಗಡಿಯಲ್ಲೇ ಎದೆ ಹಿಡಿದು ಕುಸಿದ. ಷಟರು ಇಳಿಯಿತು.

ನಾಲ್ಕನೇ ದಿನ ಬೆಳಿಗ್ಗೆ ಅವಳು ವೀಲ್ ಸ್ಪ್ಯಾನರ್ ಚೀಲಕ್ಕೆ ಹಾಕಿದಳು.

"ಎಲ್ಲಿಗೆ ಅತ್ತಿಗೆ?" ನಾದಿನಿ ಅಡ್ಡ ನಿಂತಳು.

"ಆಸ್ಪತ್ರೆಗೆ. ನಟ್ಟು ಬಿಗಿ ಮಾಡ್ಬೇಕು."

"ಮೊದ್ಲು ನಿಮ್ಮ ತಲೇದು ಬಿಗಿ ಮಾಡಿಸ್ಕೊಳ್ಳಿ. ಜನ ಏನಂದಾರು?"

"ಚಕ್ರ ಕಳಚಿದ್ರೆ ಜನ ಬಂದು ಹಿಡ್ಕೋತಾರಾ? ದಾರಿ ಬಿಡು."

ಆಸ್ಪತ್ರೆಯ ಅಂಗಳದಲ್ಲಿ ಹಸಿರು ಕಾರು ಇತ್ತು. ನಾಲ್ಕು ಚಕ್ರದ ಮೇಲೆ ನಿಂತಿತ್ತು. ಅವಳಿಗೆ ಹೋದ ಜೀವ ಬಂತು. ಕಾವಲಿನವ ಒಳಗೆ ಹೇಳಿಕಳಿಸಿದ. ನರ್ಸಮ್ಮ ಓಡಿ ಬಂದಳು.

"ಎರಡು ಸಲ ಬಂದೆ ಅಕ್ಕಾ, ಬೀಗ ಹಾಕಿತ್ತು. ಮೇಸ್ತ್ರಿ ಎಲ್ಲಿ?"

"ಅವರು ಹೋದ್ರು."

ಎಲ್ಲಿಗೆ ಎಂದು ಕೇಳಲು ಬಾಯಿ ತೆರೆದ ನರ್ಸಮ್ಮ ಮುಖ ನೋಡಿ ಅವಳ ಕೈ ಹಿಡಿದುಕೊಂಡಳು. ಅವಳು ಕೈ ಬಿಡಿಸಿಕೊಂಡು, ಹಿಂದಿನ ಚಕ್ರಕ್ಕೆ ಬಗ್ಗಿ ಸ್ಪ್ಯಾನರ್ ಹಾಕಿದಳು.

ಹಳೆಯ ಎರಡು ನಟ್ಟು ಕದಲಲಿಲ್ಲ. ಹೊಸದರಲ್ಲಿ ಒಂದು ಕಾಲು ಸುತ್ತು ತಿರುಗಿತು. ಇನ್ನೊಂದು ಅರ್ಧ ಸುತ್ತು.

"ಕಾಲಿಟ್ಟು ತುಳೀರಮ್ಮ, ಕೈಯಲ್ಲಿ ಏನಾಗುತ್ತೆ" ಎಂದ ಕಾವಲಿನವ.

"ಯಾರೋ ನಿನ್ನಂಥೋರು ತುಳಿದೇ ಹಳೇ ಬೋಲ್ಟು ಮುರಿದಿದ್ದು. ಸುಮ್ನಿರಪ್ಪ."

ಮೇಸ್ತ್ರಿ ಮಾಡುತ್ತಿದ್ದಂತೆ ಎದುರುಬದುರು ನಟ್ಟು ಹಿಡಿದು ಇನ್ನೊಂದು ಸಲ ನೋಡಿದಳು. ಯಾವುದೂ ಅಲುಗಲಿಲ್ಲ.

"ಇನ್ನು ಎಲ್ಲಿಗೆ ಬೇಕಾದ್ರೂ ಹೋಗಿ" ಅಂದಳು.

ಮನೆಗೆ ಬಂದು ಚೀಲ ಇಳಿಸಿದಳು. ಕೈ ತೊಳೆದಳು. ಕೂತಳು.

"ಬಡಿಸು" ಅಂದಳು ನಾದಿನಿಗೆ.

ಅರ್ಧ ಉಂಡ ಮೇಲೆ ಅಳು ಬಂತು. ಈ ಸಲ ಏಳಲಿಲ್ಲ.